ಪ್ರಾಕ್ಸಿಗೆ ಕಾಣದ ಕರೆ

ಜುಲೈ ತಿಂಗಳ ಒಂದು ಬೆಳಿಗ್ಗೆ ಸೋನ್-ಕುಲ್ ಸರೋವರದ ದಂಡೆಯಿಂದ ಬುರುಲ್ಚಾ ಎಜೆಯ, ಅಂದರೆ ಬುರುಲ್ಚಾ ಅಕ್ಕನ, ಫೋನು ಬಂತು. ಎಜೆ ಅಲ್ಲಿ ಪ್ರವಾಸಿಗರಿಗೆಂದು ಎಂಟು ಉಣ್ಣೆಯ ಗುಡಾರ ಹಾಕಿಕೊಂಡಿದ್ದಾಳೆ. ಅವನ್ನು ಕಾದಿರಿಸುವ ತಂತ್ರಾಂಶ ಬಿಷ್ಕೆಕ್‌ನ ನಮ್ಮ ಪುಟ್ಟ ಆಫೀಸಿನದು.

"ಸಾಲ್ತನಾತ್, ನಿನ್ನ ಕಂಪ್ಯೂಟರಿಗೆ ಏನಾಗಿದೆಯೇ? ಎಂಟೂ ಭರ್ತಿ ಅಂತಿದೆ. ಇಲ್ಲಿ ನಾನು, ನನ್ನ ಕುರಿ ಬಿಟ್ರೆ ಒಂದು ನರಪಿಳ್ಳೆ ಇಲ್ಲ!"

ನೋಡಿದೆ. ಒಂದು ಗುಂಪು ಎಂಟೂ ಗುಡಾರ ಕೇಳಿತ್ತು, ಜೊತೆಗೆ ಸವಾರಿಗೆ ಕುದುರೆ. ಕುದುರೆ ಸಿಕ್ಕಿರಲಿಲ್ಲ. ಆಗ ಗುಡಾರವೂ ತಾನಾಗಿ ಬಿಡುಗಡೆಯಾಗಬೇಕಿತ್ತು, ಆಗಿರಲಿಲ್ಲ.

ಆ ಭಾಗ ಬರೆದವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ತಿಲೆಕ್; ನಮಗೆಲ್ಲ ಬೈಕೆ, ಅಂದರೆ ಅಣ್ಣ.

"ಬೈಕೆ, ಗುಂಪಿನ ಬುಕಿಂಗ್ ಅರ್ಧಕ್ಕೇ ನಿಲ್ತಿದೆ."

"ಸಾಧ್ಯವೇ ಇಲ್ಲಮ್ಮ. ಕಾದಿರಿಸೋ ಮೆಥಡ್ ತಲೆ ಮೇಲೆ ಟ್ರಾನ್ಸಾಕ್ಷನ್ ಅನೊಟೇಷನ್ ಹಾಕಿದೀನಿ. ಆದ್ರೆ ಪೂರ್ತಿ, ಇಲ್ದಿದ್ರೆ ಏನೂ ಇಲ್ಲ. ಕಣ್ಣು ಬಿಟ್ಟು ನೋಡು."

ಅನೊಟೇಷನ್ ಇದ್ದದ್ದು ನಿಜ. ತಂತ್ರಾಂಶದ ಪರೀಕ್ಷಾ ಪ್ರತಿಯಲ್ಲಿ ಒಬ್ಬನೇ ಪ್ರವಾಸಿಯ ಹೆಸರಲ್ಲಿ ಗುಡಾರ, ಕುದುರೆ ಎರಡನ್ನೂ ಕಾದಿರಿಸಿ ನೋಡಿದೆ. ಕುದುರೆ ಇಲ್ಲವೆಂದ ಕೂಡಲೇ ಗುಡಾರವೂ ಬಿಡುಗಡೆಯಾಯಿತು. ಗುಂಪಿನ ಹೆಸರಲ್ಲಿ ನೋಡಿದರೆ, ಹಿಡಿದದ್ದು ಹಿಡಿದಂತೆಯೇ. ಒಂದೇ ಮೆಥಡ್ಡಿಗೆ ಎರಡು ನಡತೆ! ಚಹಾ ಬಗ್ಗಿಸಿಕೊಂಡು, ಎರಡೂ ಕರೆ ಹೋದ ದಾರಿಯನ್ನು ಸಾಲು ಸಾಲಾಗಿ ಓದಿದೆ. ಗುಂಪಿನದರಲ್ಲಿ ಟ್ರಾನ್ಸಾಕ್ಷನ್ ಶುರುಮಾಡುವ ಸಾಲೇ ಇರಲಿಲ್ಲ.

"ಬೈಕೆ, ಸಿಕ್ತು! ಅನೊಟೇಷನ್ ಬರೀ ಗುರುತು. ಅದನ್ನ ಓದಿ ಕೆಲಸ ಮಾಡೋದು ಕ್ಲಾಸಿನ ಮುಂದೆ ಬಾಗಿಲು ಕಾಯೋನ ಹಾಗೆ ನಿಂತಿರೋ ಪ್ರಾಕ್ಸಿ. ಹೊರಗಿನಿಂದ ಕರೆದ್ರೆ ಅದರ ಮೂಲಕವೇ ಬರ್ತೀವಿ. ಹೋದ ವಾರ ನೀವು ಗುಂಪಿನ ಮೆಥಡ್ಡನ್ನ ಅದೇ ಕ್ಲಾಸಲ್ಲಿ ಬರೆದು, ಅಲ್ಲಿಂದ ಕಾದಿರಿಸೋ ಮೆಥಡ್ಡನ್ನ ಒಳಗಿಂದೊಳಗೇ ಕರೆದಿದೀರಿ. ಪ್ರಾಕ್ಸಿಗೆ ಗೊತ್ತೇ ಆಗಿಲ್ಲ."

ತಿಲೆಕ್ ಬೈಕೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹೊಸಬರಿಗೆ ನಾನೇ ಇದನ್ನ ಪಾಠ ಮಾಡಿದ್ದೆ ಕಣೆ."

"ಆ ದಿನ ಕ್ಲಾಸಿಗೆ ನೀವು ಬಂದಿರ್ಲಿಲ್ವಾ?"

ಇಡೀ ಆಫೀಸು ನಕ್ಕಿತು. ಬೈಕೆ ಎಲ್ಲರಿಗಿಂತ ಜೋರಾಗಿ ನಕ್ಕರು. ಗುಂಪಿನ ಮೆಥಡ್ಡನ್ನು ಬೇರೆ ಕ್ಲಾಸಿಗೆ ಸಾಗಿಸಿದೆ. ಈಗ ಕರೆ ಪ್ರಾಕ್ಸಿಯ ಮೂಲಕವೇ ಬರುತ್ತಿತ್ತು, ಕುದುರೆ ಸಿಗದಾಗ ಗುಡಾರವೂ ಬಿಡುಗಡೆಯಾಗುತ್ತಿತ್ತು. ಸಿಕ್ಕಿಕೊಂಡಿದ್ದ ಎಂಟನ್ನೂ ಕೈಯಾರೆ ಬಿಡಿಸಿದೆ.

ಮೂರನೆಯ ದಿನ ಮತ್ತೆ ಎಜೆಯ ಫೋನು.

"ಆರು ಗುಡಾರ ತುಂಬಿದೆ ಕಣೆ. ಇಟಲಿಯೋರಿಬ್ರು ಹುಳಿ ಬಂದ ಕುದುರೆ ಹಾಲು, ನಮ್ಮ ಕಿಮಿಜ್, ಕುಡಿದು ಮುಖ ಕಿವುಚಿದ್ರು."

"ಅಯ್ಯೋ, ಆಮೇಲೆ?"

"ಇನ್ನೊಂದು ಬಟ್ಟಲು ಕೊಟ್ಟೆ. ಈಗ ಹಾಡ್ತಿದಾರೆ, ಕೇಳು!"

ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ. ಹಾಡಿನ ನಡುವೆ ಬೈಕೆ ತಮ್ಮ ಪರದೆಯಿಂದ ತಲೆಯೆತ್ತಿದರು.

"ಸಾಲ್ತನಾತ್, ಪ್ರಾಕ್ಸಿಗೆ ಕಾಣದ ಕರೆ ಇನ್ನೂ ಮೂರು ಸಿಕ್ಕಿವೆ. ಮೂರೂ ನನ್ನವೇ."