ಇಲ್ಲದ ಬ್ರೇಕಿನ ಮೇಲೆ ಕಾಲು

ನೆಲದ ಈ ಕಲ್ಲಿಗೆ ಮೂಲೆಯಲ್ಲೊಂದು ಬಿರುಕು, ನನ್ನ ಬಲಗಾಲು ಅದನ್ನೇ ಹುಡುಕಿಕೊಂಡು ಹೋಗಿ ಒತ್ತುತ್ತದೆ, ಬಾಗಿಲು ಬಡಿದಾಗ ಒಮ್ಮೆ, ಯಾರೋ ಕೆಮ್ಮಿದಾಗ ಒಮ್ಮೆ, ಗೋಡೆಯ ಮೇಲಿನ ಕೆಂಪು ಅಂಕಿ ಬದಲಾದಾಗ ಒಮ್ಮೆ — ಅರವತ್ತೊಂದು — ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತವಳ ಕಾಲಿದು, ಆ ಕಾರಿನಲ್ಲಿ ನನ್ನ ಕಡೆಗೂ ಒಂದು ಬ್ರೇಕು ಇರುತ್ತದೆ, ಅವರು ಹೆದರುವ ಮೊದಲೇ ನನ್ನ ಕಾಲು ಹೆದರಬೇಕು, ಅದಕ್ಕೇ ನನಗೆ ಸಂಬಳ, ಈಗ ಬಸ್ಸಿನಲ್ಲಿ ಕೂತರೂ ಒತ್ತುತ್ತದೆ, ಮದುವೆ ಊಟಕ್ಕೆ ಕೂತರೂ ಒತ್ತುತ್ತದೆ, ನಿದ್ದೆಯಲ್ಲೂ ಅಂತೆ, ನಿನ್ನ ಪಕ್ಕ ಮಲಗಿದ್ರೆ ರಾತ್ರಿಯೆಲ್ಲ ಯಾರೋ ಅಡ್ಡ ಬರ್ತಾನೇ ಇರ್ತಾರೆ ಕಣೇ ಎಂದು ಮನೆಯವರು ನಗುತ್ತಾರೆ, ನಗಲಿ, ಒಂದು ಹೆಣವನ್ನೂ ನೋಡದೆ ಇಪ್ಪತ್ತಾರು ವರ್ಷ ಕಳೆದಿದ್ದೇನೆ — ಅರವತ್ತೆರಡು — ತಂಗಿಯ ಲೈಸೆನ್ಸ್ ಪರೀಕ್ಷೆಯ ಟೋಕನ್ ಎಂಬತ್ತನಾಲ್ಕು, ಬೆಳಿಗ್ಗೆ ಏಳೂವರೆಗೆ ಬಂದಿದ್ದೇವೆ, ಈಗ ಎರಡು ದಾಟಿದೆ, ಪಕ್ಕದಲ್ಲೇ ಇದ್ದಾಳೆ, ಮೊಣಕೈ ಮೊಣಕೈಗೆ ತಾಗುತ್ತಿದೆ, ಮಾತಿಲ್ಲ, ಬೆಳಿಗ್ಗೆಯಿಂದ ಮಾತಿಲ್ಲ, ಎಲ್ಲ ಆ ಬೂಟಿನಿಂದ, ಹೊಸ ಬೂಟು, ಎರಡು ಬೆರಳು ದಪ್ಪದ ಅಟ್ಟೆ, ಹಳೇ ಚಪ್ಪಲಿ ಹಾಕ್ಕೊಳ್ಳೇ, ಅಷ್ಟು ದಪ್ಪ ಇದ್ರೆ ಪೆಡಲ್ಲು ಕಾಲಿಗೆ ಗೊತ್ತಾಗಲ್ಲ ಎಂದೆ, ಅಷ್ಟೇ ನಾನು ಅಂದದ್ದು, ನನ್ನ ಕಾಲು ನನಗೆ ಗೊತ್ತು ಅಕ್ಕ ಅಂದಳು, ಗೊತ್ತಿದ್ದರೆ ಎರಡು ಸಲ ಯಾಕೆ ವಾಪಸ್ ಬಂದೆ ಅಂತ ನನ್ನ ಬಾಯಿಂದ ಬಂದುಬಿಟ್ಟಿತು, ಬಾಯಿಗೊಂದು ಬ್ರೇಕು ಇಡಿಸಿಕೊಳ್ಳಬೇಕಿತ್ತು ನಾನು, ಅದೂ ಅನ್ಯಾಯದ ಮಾತು, ಮೊದಲ ಸಲ ಏರಿನಲ್ಲಿ ಗಾಡಿ ಆಫ್ ಮಾಡಿದಳು, ನಿಜ, ಎರಡನೇ ಸಲ ಅವಳದೇನು ತಪ್ಪು, ಇದೇ ಬೆಂಚಿನ ಮೇಲೆ ಸಂಜೆ ಐದರವರೆಗೆ ಕೂತಳು, ಅವಳ ಅಂಕಿ ಬರುವ ಮೊದಲೇ ಕಿಟಕಿ ಮುಚ್ಚಿದರು, ಮಾರನೆಯ ದಿನ ನೋಡಿದರೆ ಪುಸ್ತಕದಲ್ಲಿ ಗೈರುಹಾಜರಿ ಎಂದು ಬರೆದಿದ್ದಾರೆ, ಕಾದು ಕಾದು ಗೈರಾದವಳು ನನ್ನ ತಂಗಿ ಒಬ್ಬಳೇ ಇರಬೇಕು, ಇವತ್ತು ಮೂರನೆಯದು, ಕೊನೆಯದು, ಇವತ್ತೂ ಹೋದರೆ ಆರು ತಿಂಗಳು ಈ ಗೇಟಿನ ಹತ್ತಿರ ಸುಳಿಯುವ ಹಾಗಿಲ್ಲ, ಡ್ರೈವರ್ ಕೆಲಸ ಕೊಡುತ್ತೇವೆಂದ ಆಸ್ಪತ್ರೆಯವರು ಆರು ತಿಂಗಳು ಕಾಯುತ್ತಾರೆಯೇ, ನಾಳೆ ಬೆಳಿಗ್ಗೆ ಎಂಟಕ್ಕೆ ಪಾಸಾದ ಚೀಟಿ ತಗೊಂಡು ಬನ್ನಿ ಅಮ್ಮ, ಇಲ್ಲಾಂದ್ರೆ ಪಟ್ಟಿಯಲ್ಲಿ ಮುಂದಿನವರನ್ನ ಕರೀತೀವಿ, ರಕ್ತ ಸಾಗಿಸುವ ವ್ಯಾನು, ತಿಂಗಳ ಸಂಬಳ, ಅಂಗಿಗುಂಡಿಯ ಕಾರ್ಖಾನೆ ಮುಚ್ಚಿದ ಮೇಲೆ ಎಂಟು ತಿಂಗಳಲ್ಲಿ ಅವಳಿಗೆ ಹೂಂ ಅಂದವರು ಇವರೊಬ್ಬರೇ.

ಅರವತ್ತೆಂಟಾಯಿತೇ, ಇಲ್ಲ, ಅರವತ್ತೇಳು, ಮುಂಚೆ ಹೀಗಿರಲಿಲ್ಲ, ಹನ್ನೊಂದಕ್ಕೆಲ್ಲ ಮುಗಿಸಿಕೊಂಡು ಹೋಗಿ ಮಧ್ಯಾಹ್ನದ ಬ್ಯಾಚು ಹಿಡಿಯುತ್ತಿದ್ದೆ, ಈ ತಿಂಗಳ ಒಂದನೇ ತಾರೀಖಿನಿಂದ ಹೊಸ ಆದೇಶ, ಕಚೇರಿಯೊಳಗೆ ಆಡಳಿತ ಭಾಷೆಯಲ್ಲೇ ಮಾತಾಡಬೇಕು, ಆಡಳಿತ ಭಾಷೆ ಇಲ್ಲಿ ಕೂತ ಅರ್ಧ ಜನಕ್ಕೆ ಬಾರದು, ತಂಗಿಗೂ ಬಾರದು, ನಮ್ಮ ಮನೆಮಾತು ಬೇರೆ, ಕಿಟಕಿಯ ಗುಮಾಸ್ತರದೂ ನಮ್ಮದೇ ಮನೆಮಾತು, ಪಾಪ ಆತ ಪ್ರತಿಯೊಬ್ಬರಿಗೂ ಮೊದಲು ಆದೇಶದ ಪ್ರಕಾರ ನೆಟ್ಟಗೆ ಕೂತು ಹೇಳುತ್ತಾರೆ, ಆಮೇಲೆ ಕಿಟಕಿಯ ತೂತಿಗೆ ಬಾಯಿ ತಂದು ಪಿಸುದನಿಯಲ್ಲಿ ನಮ್ಮ ಮಾತಿನಲ್ಲಿ ಹೇಳುತ್ತಾರೆ, ಒಂದು ಸಲ ಸರ್ಕಾರಕ್ಕೆ, ಒಂದು ಸಲ ಮನುಷ್ಯರಿಗೆ, ಹಾಗಾಗಿ ಎಲ್ಲ ಕೆಲಸಕ್ಕೂ ಎರಡರಷ್ಟು ಹೊತ್ತು, ಹೊರಗಿನ ಬೋರ್ಡಿಗೂ ಇದೇ ಗತಿ, ಇವರ ಅಕ್ಷರಕ್ಕೆ ಅವರು ಮಸಿ ಬಳಿದರು, ಅವರ ಅಕ್ಷರಕ್ಕೆ ಇವರು ಬಳಿದರು, ಈಗ ಬೋರ್ಡಿನಲ್ಲಿ ಉಳಿದಿರುವುದು ಒಂದು ಬಾಣದ ಗುರುತು, ಅದೇ ಸಾಕು, ಎಲ್ಲರೂ ಸರಿಯಾಗಿಯೇ ಒಳಗೆ ಬರುತ್ತಾರೆ, ಎದುರು ಬೆಂಚಿನಲ್ಲಿ ಲಾರಿಯವನೂ ಕೊಡೆ ಹಿಡಿದ ಮೇಷ್ಟ್ರೂ ಬೆಳಿಗ್ಗೆಯಿಂದ ಇದನ್ನೇ ಜಗಿಯುತ್ತಿದ್ದಾರೆ, ಒಂದು ಸರ್ಕಾರ ಅಂದ್ಮೇಲೆ ಒಂದು ಮಾತು ಬೇಕಪ್ಪ, ಇಲ್ಲಾಂದ್ರೆ ಸಂತೆ ಆಗುತ್ತೆ, ಆಗ್ಲಿ ಬಿಡಿ ಮೇಷ್ಟ್ರೇ, ಸಂತೇಲಿ ಕೆಲಸ ಬೇಗ ಆಗುತ್ತೆ, ಅಲ್ಲ, ನಂಗೊಂದು ಹೇಳಿ, ಬ್ರೇಕಿಗೆ ಯಾವ ಭಾಷೆ, ಬ್ರೇಕಿಗೆ ಭಾಷೆ ಬೇಡಪ್ಪ, ಬ್ರೇಕು ಹಿಡೀಲಿಲ್ಲ ಅಂತ ದೂರು ಬರೀತಾರಲ್ಲ, ಅದಕ್ಕೆ ಬೇಕು, ಕೂತವರೆಲ್ಲ ನಕ್ಕರು, ನಾನೂ ನಕ್ಕೆ, ತಂಗಿ ನಗಲಿಲ್ಲ, ತುಟಿಯ ಒಂದು ಕೊನೆ ಮಾತ್ರ ಅಲುಗಿತು, ನಾನು ನೋಡಿದೆ, ನೋಡಿದ್ದು ಅವಳಿಗೆ ಗೊತ್ತಾಗಿ ಮತ್ತೆ ಬಿಗಿದುಕೊಂಡಳು, ಗೋಡೆಯ ಟೀವಿಯಲ್ಲಿ ಶಾಸಕರು ಇದೇ ವಿಷಯಕ್ಕೆ ಎದ್ದು ನಿಂತು ಕೈ ಬೀಸುತ್ತಿದ್ದಾರೆ, ಶಬ್ದ ಬಂದ್ ಮಾಡಿದ್ದಾರೆ, ಯಾವ ಭಾಷೆಯ ಚಾನೆಲ್ ಹಾಕಿದರೂ ಒಬ್ಬರು ಜಗಳಕ್ಕೆ ಬರುತ್ತಾರಂತೆ, ಶಬ್ದವಿಲ್ಲದೆ ನೋಡಿದರೆ ಎಲ್ಲರೂ ಹಸಿದವರ ಹಾಗೆ ಕಾಣುತ್ತಾರೆ — ಎಪ್ಪತ್ತು.

ಶಬ್ದವಿಲ್ಲದೆ, ಹೌದು, ಅಪ್ಪನ ಲಾರಿಯಲ್ಲಿ ಮಾತು ಕೇಳಿಸುತ್ತಿರಲಿಲ್ಲ, ಎಂಜಿನ್ನು ಹಾಗೆ ಅರಚುತ್ತಿತ್ತು, ಅಪ್ಪ ನನಗೆ ಕಲಿಸಿದ್ದು ಬೆರಳಿನಲ್ಲಿ, ಮುಂದಿನ ತಗಡಿನ ಮೇಲೆ ಒಂದು ಕುಟ್ಟು ಅಂದರೆ ಎಡಕ್ಕೆ, ಎರಡು ಕುಟ್ಟು ಬಲಕ್ಕೆ, ಅಂಗೈ ಇಟ್ಟರೆ ನಿಲ್ಲಿಸು, ಅಂಗೈ ಎತ್ತಿದರೆ ಹೊರಡು, ನಾನೂ ಅದನ್ನೇ ಎಲ್ಲರಿಗೂ ಮಾಡುತ್ತೇನೆ, ಹೊಸಬರು ಹೆದರಿಕೊಂಡಾಗ ಕಿವಿ ಕೆಲಸ ಮಾಡುವುದಿಲ್ಲ, ಕುಟ್ಟಿದರೆ ಮೈಗೆ ತಿಳಿಯುತ್ತದೆ, ಆದರೆ ಎರಡು ವಾರ ಅಷ್ಟೇ, ಮೂರನೇ ವಾರದಿಂದ ಬೆರಳು ಮಡಚಿ ಬಾಯಲ್ಲಿ ಹೇಳಬೇಕು, ಅದು ಪದ್ಧತಿ, ಸಾವಿರ ಜನಕ್ಕೆ ತಪ್ಪದೆ ಮಾಡಿದ್ದೇನೆ, ತಂಗಿಗೆ ಮಾತ್ರ ಮಾಡಲಿಲ್ಲ, ಬಾಯಿ ತೆರೆದರೆ ನಮ್ಮಿಬ್ಬರಿಗೆ ಆಗುವುದಿಲ್ಲವಲ್ಲ, ಮೂರನೇ ವಾರ ಎಡಕ್ಕೆ ತಿರುಗಿಸು ಎಂದೆ, ತಿರುಗಿಸ್ತಾ ಇದೀನಲ್ಲ ಎಂದಳು, ತಿರುಗಿಸ್ತಾ ಇಲ್ಲ, ತಿರುಗಿಸ್ಲಾ ಬೇಡ್ವಾ ಅಂತ ಯೋಚಿಸ್ತಾ ಇದೀಯ ಎಂದೆ, ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿದು ನಡೆದುಕೊಂಡೇ ಹೋದಳು, ಮಾರನೆಯ ದಿನ ನಾನು ಬಾಯಿ ಮುಚ್ಚಿಕೊಂಡು ಮತ್ತೆ ಬೆರಳು ತೆಗೆದೆ, ಒಂದು ಕುಟ್ಟು, ಎರಡು ಕುಟ್ಟು, ಅಂಗೈ, ಏನು ಚಂದ ಓಡಿಸಿದಳು, ನೀರು ತುಂಬಿದ ಲೋಟ ಇಟ್ಟರೂ ತುಳುಕದ ಹಾಗೆ, ನಾಲ್ಕು ತಿಂಗಳು ಒಂದು ಮಾತಿಲ್ಲದೆ, ಒಂದು ಜಗಳವಿಲ್ಲದೆ, ಅಷ್ಟು ಸುಖವಾಗಿ ನಾವಿಬ್ಬರೂ ಪಕ್ಕ ಪಕ್ಕ ಕೂತದ್ದೇ ಇಲ್ಲ, ಅವಳಿಗೆ ಏಳು ವರ್ಷ ಇದ್ದಾಗ ಸೈಕಲ್ಲು, ನಾನು ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದೆ, ಬಿಡು ಅಕ್ಕ, ಬಿಡೇ ಅಕ್ಕ, ಬೀಳ್ತೀಯ ಕಣೇ, ಬಿದ್ರೆ ನಾನು ಬೀಳೋದು, ನೀನು ಬಿಡು, ಬಿಡಲಿಲ್ಲ, ಒಂದು ತಿಂಗಳು ಹಾಗೇ ಓಡಿದೆ, ಎಲ್ಲ ಹುಡುಗಿಯರೂ ಮೊಣಕಾಲು ತರಚಿಕೊಂಡು ಕಲಿತರು, ಇವಳ ಮೊಣಕಾಲು ಮಾತ್ರ ನುಣ್ಣಗೆ ಉಳಿಯಿತು, ಇವಳಿಗೆ ಇವತ್ತಿಗೂ ಸೈಕಲ್ಲು ಬರುವುದಿಲ್ಲ.

ಎಂಬತ್ತನಾಲ್ಕು — ಬಂತು, ನನ್ನ ಕಾಲು ಒತ್ತಿತು, ಅವಳು ಎದ್ದಳು, ಏನಾದರೂ ಹೇಳಬೇಕು, ಹೋಗಿ ಬಾ ಅನ್ನಬೇಕು, ಬೂಟಿನ ದಾರ ಬಿಚ್ಚಿಹೋಗಿದೆ ನೋಡು ಎಂದೆ, ಥೂ ನನ್ನ ಬಾಯಿ, ಅವಳು ಬಗ್ಗಿ ಕಟ್ಟಿಕೊಂಡಳು, ಏಳುವಾಗ ನನ್ನ ಮೊಣಕಾಲಿನ ಮೇಲೆ ಕೈ ಊರಿ ಎದ್ದಳು, ಬೇಕೆಂದೇ ಊರಿದಳೋ, ಬೆಂಚು ಸಿಗದೆ ಊರಿದಳೋ, ಆ ಕಡೆ ಬಾಗಿಲು ತೆರೆದು ಮುಚ್ಚಿತು, ಹಳದಿ ಗೆರೆಯ ಆಚೆ ಜೊತೆಯವರು ಹೋಗುವ ಹಾಗಿಲ್ಲ, ಇಲ್ಲಿ ಈ ದೊಡ್ಡ ಗಾಜಿನ ಕಿಟಕಿಯಿಂದ ಅಂಗಳ ಕಾಣುತ್ತದೆ, ಬಿಳಿ ಕಾರು, ಕಚೇರಿಯದು, ಅದರಲ್ಲಿ ಪಕ್ಕದವರ ಕಡೆ ಬ್ರೇಕೇ ಇಲ್ಲ, ಪರೀಕ್ಷಕರು ಹತ್ತಿ ಕೂತರು, ಹೊಸಬರು, ಹಳೆಯವರಾಗಿದ್ದರೆ ಕೈ ತೋರಿಸಿ ಆ ಕಡೆ ಹೋಗಮ್ಮ ಅನ್ನುತ್ತಿದ್ದರು, ಈಗ ಕಾರಿನೊಳಗೂ ಒಂದು ಪುಟ್ಟ ಪೆಟ್ಟಿಗೆ ಇಟ್ಟಿದ್ದಾರೆ, ಆಡಿದ್ದೆಲ್ಲ ಅದರಲ್ಲಿ ದಾಖಲಾಗುತ್ತದೆ, ಆಡಳಿತ ಭಾಷೆ ಬಿಟ್ಟು ಒಂದು ಮಾತು ಆಡುವ ಹಾಗಿಲ್ಲ, ಕೈ ಸನ್ನೆ ಮಾಡುವ ಹಾಗೂ ಇಲ್ಲ, ಇಷ್ಟು ದೂರ ಮಬ್ಬು ಕಾಣುತ್ತದೆ, ಕನ್ನಡಕ ಎಲ್ಲಿ, ಚೀಲದಲ್ಲಿ, ನೀರಿನ ಬಾಟಲಿ, ಅವಳ ಹಳೇ ಚಪ್ಪಲಿ — ಬೇಕಾದೀತು ಎಂದು ಕಾಗದದಲ್ಲಿ ಸುತ್ತಿ ತಂದಿದ್ದೆ — ಕನ್ನಡಕದ ಡಬ್ಬಿ, ಡಬ್ಬಿಯೊಳಗೆ ಕನ್ನಡಕದ ಮೇಲೆ ನಾಲ್ಕು ಮಡಿಕೆಯ ಒಂದು ಚೀಟಿ, ಇದೇನಿದು.

ಹನ್ನೆರಡು ಪದ. ಹೋದ ಸೋಮವಾರ ಗುಮಾಸ್ತರು ಕಿಟಕಿಯಿಂದ ತೂರಿಸಿ ಕೊಟ್ಟದ್ದು, ಎಲ್ಲ ಡ್ರೈವಿಂಗ್ ಸ್ಕೂಲಿನವರಿಗೂ ಕೊಡ್ತಾ ಇದೀವಿ ಅಮ್ಮ, ಪರೀಕ್ಷೇಲಿ ಇಷ್ಟೇ ಪದ ಕೇಳೋದು, ಇನ್ಮೇಲೆ ಆಡಳಿತ ಭಾಷೇಲೇ, ಕಲಿಸಿಬಿಡಿ, ಎಡಕ್ಕೆ, ಬಲಕ್ಕೆ, ನಿಲ್ಲಿಸಿ, ಹಿಂದಕ್ಕೆ, ಅಕ್ಕಪಕ್ಕ ಎರಡೂ ಭಾಷೆಯಲ್ಲಿ ನೀಟಾಗಿ ಬರೆದಿದ್ದಾರೆ, ಮಂಗಳವಾರ ನನ್ನ ಬ್ಯಾಚಿನ ಆರೂ ಜನಕ್ಕೆ ಓದಿ ಬಾಯಿಪಾಠ ಮಾಡಿಸಿದೆ, ಪರರ ಮಕ್ಕಳಿಗೆಲ್ಲ ಕಲಿಸಿದೆ, ತಂಗಿಗೆ — ಇವಳು ನನ್ನ ಪಕ್ಕದಲ್ಲೇ ಇರುತ್ತಾಳಲ್ಲ, ಯಾವಾಗ ಬೇಕಾದರೂ ಹೇಳಬಹುದು ಎಂದುಕೊಂಡೆ, ಆಮೇಲೆ ಮಾತು ಬೇಡ ಎಂದುಕೊಂಡೆ, ಆಮೇಲೆ ಬೂಟು, ಏಳೂವರೆಯಿಂದ ಈಗಿನವರೆಗೆ, ಒಂಬತ್ತು ಗಂಟೆ ಹೊತ್ತು, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದೆವು, ಹನ್ನೆರಡು ಪದ ಎಷ್ಟು ಹೊತ್ತಿನ ಮಾತು, ಒಂದು ಚಹಾ ಆರುವಷ್ಟು ಹೊತ್ತಿಲ್ಲ, ಚೀಟಿ ನನ್ನ ಕಾಲ ಹತ್ತಿರ ಚೀಲದಲ್ಲಿತ್ತು — ಗುಮಾಸ್ತರ ಕಿಟಕಿಗೆ ಓಡಿದೆ, ಸ್ವಾಮಿ, ಈ ಕಾಗದ ಒಳಗೆ ಕೊಡಬೇಕಿತ್ತು, ನನ್ನ ತಂಗಿಗೆ, ಈಗ ತಾನೇ ಹೋದಳು, ಗುಮಾಸ್ತರು ನನ್ನ ಮುಖ ನೋಡಿದರು, ಚೀಟಿ ನೋಡಿದರು, ಗುರುತು ಹಿಡಿದರು, ನೆಟ್ಟಗೆ ಕೂತು ಆಡಳಿತ ಭಾಷೆಯಲ್ಲಿ ಒಂದು ಉದ್ದದ ವಾಕ್ಯ ಹೇಳಿದರು, ಆಮೇಲೆ ತೂತಿಗೆ ಬಾಯಿ ತಂದರು, ಆಗಲ್ಲ ಅಮ್ಮ, ಗಾಡಿ ಹತ್ತಿದ ಮೇಲೆ ಆಗಲ್ಲ, ಹೋದ ವಾರವೇ ಕೊಟ್ಟಿದ್ನಲ್ಲ, ಕೊಟ್ಟಿದ್ರಿ, ಹೌದು, ಕೊಟ್ಟಿದ್ರಿ, ಹಿಂದಿನಿಂದ ಲಾರಿಯವನು, ಏನಕ್ಕಾ, ಏನಾಯ್ತು, ಏನಿಲ್ಲಪ್ಪ, ಏನಿಲ್ಲ, ಕನ್ನಡಕ ಹಾಕಿಕೊಂಡು ಮತ್ತೆ ಗಾಜಿನ ಹತ್ತಿರ ಬಂದಿದ್ದೇನೆ.

ಹೊರಟಿದ್ದಾಳೆ, ಎಷ್ಟು ನಯವಾಗಿ ಹೊರಟಳು, ಆ ದಪ್ಪ ಬೂಟಿನಲ್ಲೂ, ಏರು ಹತ್ತಿದಳು, ನಿಲ್ಲಿಸಿದಳು, ಹಿಂದೆ ಒಂದು ಅಂಗುಲ ಜಾರಲಿಲ್ಲ, ನನ್ನ ಕಾಲು ನನಗೆ ಗೊತ್ತು ಅಕ್ಕ, ಗೊತ್ತು ಕಣೇ, ಗೊತ್ತು, ಇಳಿದಳು, ನೇರ ಬಂದಳು, ಇಲ್ಲಿವರೆಗೆ ಎಲ್ಲರಿಗೂ ಒಂದೇ ದಾರಿ, ಯಾರೂ ಹೇಳಬೇಕಿಲ್ಲ, ಇನ್ನು ಕವಲು, ಎಡಕ್ಕೆ ಹೋದರೆ ಗಾಡಿ ಹಿಂದಕ್ಕೆ ನಿಲ್ಲಿಸುವ ಚೌಕ, ಬಲಕ್ಕೆ ಹೋದರೆ ಎಂಟರ ಅಂಕಿಯ ಸುತ್ತು, ಯಾವುದನ್ನು ಕೇಳುತ್ತಾರೋ ಅವರಿಷ್ಟ, ಪರೀಕ್ಷಕರ ಬಾಯಿ ಅಲುಗಿತು, ಒಂದೇ ಪದ, ಇಲ್ಲಿಗೆ ಕಾಣಿಸಿತು, ಕಾರು ನಿಂತಿತು, ಕವಲಿನಲ್ಲಿ ಸರಿಯಾಗಿ ನಡುವೆ, ಹಿಂದಿನ ಎರಡು ಕೆಂಪು ದೀಪ ಹತ್ತಿಕೊಂಡವು, ಮತ್ತೆ ಬಾಯಿ ಅಲುಗಿತು, ಪಾಪ ಅವರೂ ಬೇಕೆಂದು ಮಾಡುತ್ತಿಲ್ಲ, ಕುತ್ತಿಗೆ ಇವಳ ಕಡೆ ಚಾಚಿದ್ದಾರೆ, ಅದೇ ಪದವನ್ನು ನಿಧಾನವಾಗಿ ಹೇಳುತ್ತಿದ್ದಾರೆ, ಎರಡು ಕೈಯೂ ತೊಡೆಯ ಮೇಲಿನ ಹಲಗೆಗೆ ಅಂಟಿವೆ, ಅವಳು ಅವರ ಬಾಯಿ ನೋಡುತ್ತಿಲ್ಲ, ನನಗೆ ಗೊತ್ತು ಅವಳು ಎಲ್ಲಿ ನೋಡುತ್ತಿದ್ದಾಳೆಂದು, ತಲೆ ಸ್ವಲ್ಪ ಓರೆ, ಅವರ ಬೆರಳು ನೋಡುತ್ತಿದ್ದಾಳೆ, ಒಂದು ಕುಟ್ಟು ಬರುತ್ತದೆಂದು ಕಾಯುತ್ತಿದ್ದಾಳೆ, ಒಂದೋ ಎರಡೋ, ಬಂದೇ ಬರುತ್ತದೆಂದು, ನಾಲ್ಕು ತಿಂಗಳು ಒಂದು ಸಲವೂ ಬಾರದೆ ಇದ್ದದ್ದಿಲ್ಲ, ನಿಂತಲ್ಲೇ ಒಂದು ನಿಮಿಷ ಆದರೆ ಫೇಲು, ಗಾಜಿಗೆ ನನ್ನ ಬೆರಳು ಬಡಿಯಿತು, ಒಂದು — ಎಡವೋ ಬಲವೋ ಇಲ್ಲಿಂದ ನನಗೇನು ಗೊತ್ತು, ಅವರು ಯಾವುದು ಹೇಳಿದರೆಂದು ನನಗೂ ಕೇಳಿಸಿಲ್ಲ — ಎರಡು, ಗಾಜು ಬಡೀಬೇಡಿ ಅಮ್ಮ, ಕಾವಲಿನವನು, ಮೊದಲು ಆಡಳಿತ ಭಾಷೆಯಲ್ಲಿ, ಆಮೇಲೆ ನಮ್ಮದರಲ್ಲಿ, ಬಡಿಯಲ್ಲಪ್ಪ, ಬಡಿಯಲ್ಲ, ಕೆಂಪು ದೀಪ ಉರಿಯುತ್ತಿದೆ, ಹಿಂದೆ ಗೋಡೆಯ ಮೇಲೆ ಎಂಬತ್ತೈದು ಬಂದಿರಬೇಕು, ಯಾರೋ ಎದ್ದ ಸದ್ದು, ಬಿಡು ಅಕ್ಕ, ಬಿಡೇ ಅಕ್ಕ, ಬಗ್ಗಿ ನೋಡಿದರೆ ನನ್ನ ಬಲಗಾಲು ಮತ್ತೊಂದು ಕಲ್ಲಿನ ಮೇಲೆ, ಹಿಮ್ಮಡಿ ಎತ್ತಿ, ಹೆಬ್ಬೆರಳು ಬಿಳುಚಿಕೊಳ್ಳುವಷ್ಟು ಒತ್ತಿ ಹಿಡಿದಿದೆ, ಇಲ್ಲಿ ಒತ್ತಿದ್ದಕ್ಕೇ ಅಲ್ಲಿ ದೀಪ ಹತ್ತಿದೆ ಅನ್ನುವ ಹಾಗೆ, ಎತ್ತಿದರೆ ಅಲ್ಲಿ ಆರುತ್ತದೆ, ಅವಳು ಹೊರಡುತ್ತಾಳೆ, ಎಡಕ್ಕೋ ಬಲಕ್ಕೋ, ತಪ್ಪಾದರೂ ಹೊರಡುತ್ತಾಳೆ, ಕಾಲು ಎತ್ತಬೇಕು, ಎತ್ತು, ಎತ್ತೇ — ಎರಡು ಕೆಂಪು ದೀಪ — ಎತ್ತಲು ಆಗುತ್ತಿಲ್ಲ — ಕೆಂಪು ದೀಪ