ಯಾರಾಗಿ ಕೂರಲಿ?

ಡಾಕ್ಟರು ಕೇಳಿದ್ದು ಒಂದೇ ಒಂದು ಫೋಟೋ. ಗಡ್ಡೆ ಏಳುವುದಕ್ಕೆ ಮೊದಲು ಅಮ್ಮನ ಮುಖ ಹೇಗಿತ್ತು ಎಂದು ತೋರಿಸುವ, ಎದುರಿನಿಂದ ತೆಗೆದ ಸಾದಾ ಫೋಟೋ. ದವಡೆಯ ಒಂದು ಭಾಗ ತೆಗೆದು, ಕಾಲಿನ ಮೂಳೆಯ ತುಂಡಿನಿಂದ ಅದನ್ನು ಮತ್ತೆ ಕಟ್ಟಬೇಕಂತೆ.

"ಮೂಳೆ ಅಳತೆ ಸ್ಕ್ಯಾನ್‌ನಲ್ಲಿ ಸಿಗುತ್ತೆ. ಆದ್ರೆ ತುಟಿ ಹೇಗೆ ಕೂತಿತ್ತು, ಗಲ್ಲ ಎಷ್ಟು ಮುಂದಿತ್ತು ಅನ್ನೋದು ಫೋಟೋ ನೋಡಿದ್ರೇನೇ ಗೊತ್ತಾಗೋದು. ಇಲ್ದಿದ್ರೆ ನಾನು ಅಂದಾಜಿನ ಮೇಲೆ ಒಂದು ಮುಖ ಮಾಡ್ಬೇಕಾಗುತ್ತೆ. ನಿಮಗೇನು ಬಿಡಿ, ನಿಮ್ಮನೇಲಿ ಫೋಟೋಗೆ ಬರವೇ?" ಎಂದು ಅವರು ನಕ್ಕರು. ಅವರ ಹೆಂಡತಿ ನನ್ನ ಪ್ರದರ್ಶನವೊಂದಕ್ಕೆ ಬಂದಿದ್ದರಂತೆ.

ನಾನೂ ನಕ್ಕೆ. ಮೂವತ್ತು ವರ್ಷಗಳಿಂದ ಅಮ್ಮನನ್ನೇ ಕೂರಿಸಿ ಚಿತ್ರ ತೆಗೆದು ಹೆಸರು ಮಾಡಿದವಳು ನಾನು. ಆದರೆ ಆಸ್ಪತ್ರೆಯ ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ನಗು ಇಂಗಿಹೋಯಿತು. ಅಂಥ ಫೋಟೋ ನಮ್ಮ ಮನೆಯಲ್ಲಿ ಇರಲಿಲ್ಲ.

ಅದು ಹೇಗೆಂದು ಹೇಳಬೇಕು. ಕೆಲಸ ಕಲಿತ ಹೊಸದರಲ್ಲಿ ನಾನು ಮದುವೆಗಳಲ್ಲಿ, ಗುರುತಿನ ಚೀಟಿಗೆ ಕೂತವರ ಮುಂದೆ, ಕ್ಯಾಮೆರಾ ಹಿಡಿದು ಕಾಲ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಊಟದ ನಡುವೆ ಅಪ್ಪ, "ನಮ್ಮಮ್ಮಂದು ಒಂದೂ ಫೋಟೋ ಇಲ್ಲ ನೋಡು. ಮುಖಾನೇ ಮರೆತು ಹೋಗ್ತಾ ಇದೆ" ಎಂದ. ಅಮ್ಮ ತಟ್ಟೆ ಸರಿಸಿ ಒಳಗೆ ಹೋದಳು. ಬಂದಾಗ ತಲೆಯ ಮೇಲೆ ಹಳೆಯ ಶಾಲು, ಎರಡೂ ಕೆನ್ನೆಯೊಳಗೆ ಹತ್ತಿಯ ಉಂಡೆ. "ಏನು, ಇವತ್ತೂ ಉಪ್ಪು ಕಮ್ಮೀನಾ?" ಎಂದು ತೀರಿಹೋದ ತನ್ನ ಅತ್ತೆಯ ದನಿಯಲ್ಲೇ ಗದರಿದಳು. ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಅವಳನ್ನು ಹಾಗೆಯೇ ಕಿಟಕಿಯ ಪಕ್ಕ ಕೂರಿಸಿ ತೆಗೆದ ಚಿತ್ರವೇ ನನ್ನನ್ನು ಗ್ಯಾಲರಿಗಳ ಒಳಗೆ ಕರೆದುಕೊಂಡು ಹೋಯಿತು.

ಅಲ್ಲಿಂದ ಮುಂದೆ ಅಮ್ಮ ನಮ್ಮ ಮನೆಯ ಸತ್ತವರೆಲ್ಲ ಆದಳು. ಮೀಸೆ ಅಂಟಿಸಿಕೊಂಡು ತಾತನಾದಳು. ಹಲ್ಲಿಗೆ ಮಸಿ ಬಳಿದುಕೊಂಡು ಮುತ್ತಜ್ಜಿಯಾದಳು. ಜ್ವರದಲ್ಲಿ ಹೋದ ಚಿಕ್ಕತ್ತೆಯಾದಳು. ಅಪ್ಪ ಹೋದ ಮೇಲೆ ಅವನ ಕೋಟು ತೊಟ್ಟು ಅಪ್ಪನೂ ಆದಳು. ಅವತ್ತು ಮಾತ್ರ ನನ್ನ ಕಣ್ಣು ಮಂಜಾಗಿ ಫೋಕಸ್ ತಪ್ಪಿತು. ಅಮ್ಮ ಥೇಟ್ ಅಪ್ಪನ ಹಾಗೆ ಗಂಟಲು ಸರಿಮಾಡಿಕೊಂಡು, "ಅಳೋದಿದ್ರೆ ಆಮೇಲೆ ಅಳು. ನಂಗೆ ಈ ಕೋಟಲ್ಲಿ ಸೆಕೆ" ಎಂದಳು.

ನಮ್ಮಿಬ್ಬರ ನಡುವೆ ಒಂದು ಕ್ರಮವಿತ್ತು. ಕುರ್ಚಿಯಲ್ಲಿ ಕೂರುವ ಮೊದಲು ಅಮ್ಮ ಕೇಳುತ್ತಿದ್ದಳು: "ಯಾರಾಗಿ ಕೂರಲಿ? ಏನು ಮಾಡಿ ಬಂದು ಕೂತಿದಾಳೆ ಅವಳು?" ದುಃಖ ತೋರಿಸು, ಗತ್ತು ತೋರಿಸು ಎಂದರೆ ಅವಳಿಗೆ ತಲೆ ಬುಡ ತಿಳಿಯುತ್ತಿರಲಿಲ್ಲ. "ಮಗನ ಜೊತೆ ಜಗಳ ಆಡಿ ಸೋತು ಬಂದಿದಾಳೆ" ಎಂದರೆ ಸಾಕು, ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಕುರ್ಚಿಯಲ್ಲಿ ಬೇರೆ ಯಾರೋ ಇರುತ್ತಿದ್ದರು. ನಾನು ಹೇಳುತ್ತಿದ್ದುದೂ ಎರಡೇ ಮಾತು. "ಅಲ್ಲಾಡ್ಬೇಡ." "ಬೇಗ ಅಮ್ಮ, ಬೆಳಕು ಹೋಗುತ್ತೆ."

ಅವಳಾಗಿಯೇ ಒಂದು ಸಲ ಕೂರು ಎಂದು ನಾನು ಕೇಳದೆ ಇರಲಿಲ್ಲ. ಕೇಳಿ ಕೇಳಿ ನಾಲಿಗೆ ಸವೆದಿತ್ತು. "ನನ್ನ ಮುಖದಲ್ಲೇನಿದೆ ತೆಗೆಯೋಕೆ? ಅದು ಖಾಲಿ ಮನೆ. ಬಾಡಿಗೆಗೆ ಕೊಟ್ಟಿದೀನಿ" ಎನ್ನುತ್ತಿದ್ದಳು. ಯಾರಾದರೂ ಫೋನ್ ಎತ್ತಿ ಹಿಡಿದರೂ ಅಷ್ಟೇ, ಆ ಗಳಿಗೆಗೆ ಅವಳು ಇನ್ಯಾರೋ ಆಗಿಬಿಡುತ್ತಿದ್ದಳು. ಅಭ್ಯಾಸ ಹಾಗೆ ಬೇರೂರಿತ್ತು.

ಹೋದ ತಿಂಗಳು ಅದೇ ಕಿಟಕಿಯ ಪಕ್ಕ, ಅದೇ ಶಾಲು ಹೊದಿಸಿ, ಮತ್ತೆ ಅಜ್ಜಿಯ ಚಿತ್ರ ತೆಗೆದೆ. ಇಷ್ಟೂ ವರ್ಷಗಳ ಕೆಲಸ ಸೇರಿಸಿ ದೊಡ್ಡದೊಂದು ಪ್ರದರ್ಶನ ಮಾಡುತ್ತಿದ್ದಾರೆ, ಅದರ ಕೊನೆಯ ಗೋಡೆಗೆ ಬೇಕಿತ್ತು. ಕೆಲಸ ಮುಗಿಸಿ ದೀಪ ಆರಿಸುತ್ತ, "ಸಾಕಮ್ಮ, ಹತ್ತಿ ತೆಗಿ" ಎಂದೆ.

"ತೆಗೆದೆ."

"ಎಡಗಡೇದು?"

"ಎಡಗಡೆ ಇಟ್ಟೇ ಇರ್ಲಿಲ್ಲ ಕಣೆ. ಅದು ತಾನಾಗೇ ಉಬ್ಬಿದೆ. ಹತ್ತಿ ಉಳೀತು ಅಂತ ಸುಮ್ಮನಿದ್ದೆ."

ಹಿಂದಿನ ಚಿತ್ರಗಳನ್ನು ತೆಗೆದು ನೋಡಿದರೆ, ಎಡಗೆನ್ನೆ ಒಂದರಿಂದ ಒಂದಕ್ಕೆ ತುಸು ತುಸುವೇ ತುಂಬಿಕೊಳ್ಳುತ್ತ ಬಂದಿತ್ತು. ಬೇರೆ ಯಾವ ಮನೆಯಲ್ಲಾದರೂ ಇಷ್ಟು ಹೊತ್ತಿಗೆ ಯಾರೋ ಒಬ್ಬರು ಕೆನ್ನೆ ಮುಟ್ಟಿ ನೋಡಿರುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಅದು ಹತ್ತಿ. ಪ್ರದರ್ಶನ ನಡೆಸುವ ಗ್ಯಾಲರಿಯವಳಂತೂ, "ಆ ಎಡಗೆನ್ನೆಯಲ್ಲಿ ಎಷ್ಟೊಂದು ಬದುಕಿದೆ ನೋಡಿ!" ಎಂದು ಕೊಂಡಾಡಿದ್ದಳು.

ಈಗ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ನಾನೂ ತಂಗಿಯೂ ಮನೆ ಬುಡಮೇಲು ಮಾಡಿ ಹುಡುಕಿದೆವು. ತಂಗಿ ಶಾಲೆಯಲ್ಲಿ ಪಾಠ ಹೇಳುವವಳು, ಮನೆಯಲ್ಲೂ ಅದನ್ನು ಬಿಡುವವಳಲ್ಲ. "ಇಷ್ಟು ಫೋಟೋ ತೆಗೆದು ಒಂದು ಮುಖ ಇಲ್ವಲ್ಲೇ" ಎಂದು ಪ್ರತಿ ಡ್ರಾಯರಿಗೂ ಒಮ್ಮೆ ಹೇಳಿದಳು. ಅವಳ ಫೋನಿನಲ್ಲಿದ್ದ ಅಮ್ಮ ಒಂದರಲ್ಲಿ ಕಣ್ಣು ಮೆಳ್ಳೆ ಮಾಡಿದ್ದಳು, ಒಂದರಲ್ಲಿ ಪಕ್ಕದ ಮನೆಯಾಕೆಯನ್ನು ಅಣಕಿಸುತ್ತಿದ್ದಳು, ಉಳಿದವುಗಳಲ್ಲಿ ಬೆನ್ನು. ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿ ಗಲ್ಲವನ್ನು ಹೂವಿನೊಳಗೆ ಹುದುಗಿಸಿಬಿಟ್ಟಿದ್ದಳು. ಗುರುತಿನ ಚೀಟಿಯಲ್ಲಿದ್ದದ್ದು ಮೂಗಿನ ಎರಡು ಹೊಳ್ಳೆ, ಸುತ್ತ ಬರೀ ಬಿಳಿ.

ಅಮ್ಮ ಮೇಜಿನ ಹತ್ತಿರ ಕೂತು, ಒಂದೇ ಕಡೆಯ ಹಲ್ಲಿನಿಂದ ಮೆತ್ತಗಿನ ಬ್ರೆಡ್ಡು ಅಗಿಯುತ್ತ ನಮ್ಮನ್ನು ನೋಡುತ್ತಿದ್ದಳು. "ತಾತನ ಫೋಟೋ ಕೊಟ್ಬಿಡಿ. ಮೀಸೆ ಬೇಡ ಅಂತ ಹೇಳಿದ್ರಾಯ್ತು" ಎಂದಳು. ನಗು ಬರಲಿಲ್ಲ. ತಂಗಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು. ನನಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಆಗ ನೆನಪಾಯಿತು, ಬೂದು ರಟ್ಟು. ಚಿತ್ರ ತೆಗೆಯುವ ಮೊದಲು ಬೆಳಕು ಅಳೆಯಲು ಕೂತವರ ಕೈಗೆ ಒಂದು ಬೂದು ಬಣ್ಣದ ರಟ್ಟು ಕೊಟ್ಟು ಒಂದೆರಡು ಪ್ರಯೋಗದ ಚಿತ್ರ ತೆಗೆಯುತ್ತೇವೆ. ಬೇರೆಯವರು ಕೂರಬೇಕಾದ ದಿನವೂ ಆ ಕೆಲಸಕ್ಕೆ ನಾನು ಅಮ್ಮನನ್ನೇ ಕರೆಯುತ್ತಿದ್ದೆ. ಅದು ಫೋಟೋ ಅಲ್ಲ, ಬರೀ ಬೆಳಕಿನ ಲೆಕ್ಕ ಎಂದು ಅವಳೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಬೇರೆ ಯಾರೂ ಆಗುತ್ತಿರಲಿಲ್ಲ. ಅಟ್ಟದ ಪೆಟ್ಟಿಗೆಗಳನ್ನು ಇಳಿಸಿ ಧೂಳು ಕೊಡವಿ ಮುಚ್ಚಳ ತೆಗೆದೆ.

ಇದ್ದಳು. ಹಣೆಯ ಮೇಲೆ ಬೆವರು, ನನ್ನನ್ನು ಬಿಟ್ಟು ಬಾಗಿಲಿನ ಕಡೆ ನೋಡುವ ಕಣ್ಣು, ಒಂದು ಹುಬ್ಬು ಇನ್ನೊಂದಕ್ಕಿಂತ ತುಸು ಮೇಲೆ. ವರ್ಷ ವರ್ಷಗಳ ಅಮ್ಮ, ಒಂದರ ಕೆಳಗೊಂದು. ಒಂದೊಂದರಲ್ಲೂ ರಟ್ಟನ್ನು ಮೂಗಿನ ಕೆಳಗೆ ಅಡ್ಡ ಹಿಡಿದಿದ್ದಳು. ಬೆಳಕು ಸರಿಯಾಗಿ ಬೀಳಲೆಂದು ಹಾಗೆ ಹಿಡಿಯಲು ಹೇಳಿಕೊಟ್ಟವಳು ನಾನೇ. ತುಟಿಯಿಂದ ಕೆಳಗೆ ಬರೀ ಬೂದು ಬಣ್ಣ. ಪೆಟ್ಟಿಗೆ ಖಾಲಿಯಾಗುವವರೆಗೂ ನೋಡಿ ನೆಲದ ಮೇಲೇ ಕೂತುಬಿಟ್ಟೆ.

ಅದೇ ಹೊತ್ತಿಗೆ ಗ್ಯಾಲರಿಯವಳ ಫೋನು. ಪ್ರದರ್ಶನಕ್ಕೆ ಹೆಸರು ಹೊಳೆಯಿತಂತೆ. "'ತಾಯಿಯ ಮುಖ.' ಹೇಗಿದೆ?"

"ಚೆನ್ನಾಗಿದೆ" ಎಂದು ಇಟ್ಟುಬಿಟ್ಟೆ.

ಮರುದಿನ ಆ ಬೂದು ರಟ್ಟಿನ ಚಿತ್ರಗಳನ್ನೇ ಹೊತ್ತು ಆಸ್ಪತ್ರೆಗೆ ಹೋದೆವು. ಡಾಕ್ಟರು ಅವುಗಳನ್ನು ಇಸ್ಪೀಟೆಲೆಯ ಹಾಗೆ ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ಸ್ವಲ್ಪ ಮಾಸ್ಕ್ ಇಳಿಸ್ತೀರಾ?"

ಇಳಿಸಿದೆ. ಅವರು ಒಂದು ಚಿತ್ರವನ್ನು ನನ್ನ ಮುಖದ ಪಕ್ಕ ಹಿಡಿದು ಅಮ್ಮನ ಕಡೆ ತಿರುಗಿದರು. "ಮೂಗಿನ ಮೇಲಿಂದು ಇಲ್ಲಿದೆ. ಕೆಳಗಿಂದು ಇವರ ಹಾಗೇನಾ?"

"ಅವಳ ಬಾಯಿ, ಗಲ್ಲ ನಂದೇ. ಹುಟ್ಟಿದ ದಿನವೇ ನಮ್ಮತ್ತೆ ನೋಡಿ ಮೂಗು ಮುರಿದಿದ್ರು" ಎಂದಳು ಅಮ್ಮ.

"ಹಾಗಾದ್ರೆ ಇವರದೇ ಒಂದು ತನ್ನಿ. ನೀವು ಪಕ್ಕದಲ್ಲಿ ನಿಂತು, ನಿಮ್ಮ ಬಾಯಿ ಹೇಗಿತ್ತೋ ಹಾಗೆ ಇಡಿಸಿ ತೆಗೀರಿ. ಅಂದಾಜಿಗಿಂತ ಅದು ವಾಸಿ."

ಕ್ಯಾಮೆರಾದ ಮುಂದೆ ಕೂರುವುದೆಂದರೆ ನನಗೆ ಹಲ್ಲು ಕೀಳಿಸಿಕೊಳ್ಳುವ ಕುರ್ಚಿ. ಊರವರನ್ನೆಲ್ಲ ಕೂರಿಸಿದವಳು ನಾನೊಮ್ಮೆಯೂ ಕೂತಿರಲಿಲ್ಲ. ಆದರೂ ಮನೆಗೆ ಬಂದು ಕಿಟಕಿಯ ಪರದೆ ಸರಿಸಿ, ಫೋಕಸ್ ಇಟ್ಟು, ತುದಿಯ ಗುಂಡಿ ಒತ್ತಿದರೆ ಚಿತ್ರ ತೆಗೆಯುವ ಷಟರಿನ ಉದ್ದನೆಯ ತಂತಿಯನ್ನು ಅಮ್ಮನ ಕೈಗೆ ಕೊಟ್ಟೆ. ಬೆಳಕನ್ನು ನನ್ನ ಮುಖಕ್ಕೆ ತಿರುಗಿಸಲು ತಂಗಿ ಬಿಳಿ ಹಲಗೆ ಹಿಡಿದು ನಿಂತಳು.

ಆಗಲಿಲ್ಲ. "ಏನೇ ಇದು, ಕಳ್ಳರನ್ನ ಕೂರಿಸಿ ತೆಗೀತಾರಲ್ಲ ಹಾಗಿದೀಯ" ಎಂದಳು ಅಮ್ಮ. ಬಂದು ತನ್ನ ಬೆರಳಿನಿಂದ ನನ್ನ ದವಡೆ ಒತ್ತಿ, ಕೆಳತುಟಿಯನ್ನು ಒಂದಿಷ್ಟು ಎಳೆದಳು. "ಬಾಯಿ ಇಷ್ಟು ಬಿಗಿ ಹಿಡಿಯೋರು ನಿಮ್ಮಪ್ಪನ ಕಡೆಯವರು." ಮತ್ತೆ ಕೂತೆ. ಮತ್ತೆ ಬೇಡವೆಂದಳು. ನನ್ನ ಕತ್ತು ನೋಯತೊಡಗಿತು. ಮಾತಾಡಿದರೆ ಅವಳ ದವಡೆ ನೋಯುತ್ತಿತ್ತು. ತಂಗಿ ಹಲಗೆಯನ್ನು ಕೈ ಬದಲಿಸಿ ಬದಲಿಸಿ ಹಿಡಿಯುತ್ತಿದ್ದಳು. ಕಿಟಕಿಯ ಬೆಳಕು ಕುರ್ಚಿಯ ಕೈವರೆಗೆ ಇಳಿದಿತ್ತು.

"ನಂಗಾಗಲ್ಲಮ್ಮ. ಡಾಕ್ಟರು ಅಂದಾಜಿನ ಮೇಲೇ ಮಾಡ್ಲಿ" ಎಂದು ಎದ್ದೆ.

"ಅಂದಾಜಿನ ಮುಖ ಬೇಡ" ಎಂದಳು ಅಮ್ಮ. ದನಿ ಸಣ್ಣಗಾಗಿತ್ತು. ಆ ದನಿ ನಮ್ಮ ಮನೆಯ ಯಾವ ಸತ್ತವರದ್ದೂ ಅಲ್ಲ. "ಇಷ್ಟು ದಿನ ಎಲ್ಲರ ಮುಖ ಹಾಕ್ಕೊಂಡೆ, ಬೇಜಾರಾಗ್ಲಿಲ್ಲ. ತೆಗೆದ್ರೆ ಕೆಳಗೆ ನಂದು ಇರುತ್ತೆ ಅಂತ ಧೈರ್ಯ. ಈಗ ಅದೂ ಇನ್ಯಾರದೋ ಆದ್ರೆ ನಾನು ತೆಗೆದಿಡೋದು ಯಾವುದನ್ನ?"

ತಂಗಿ ಹಲಗೆ ಕೆಳಗಿಟ್ಟಳು. ನನಗೆ ಗೊತ್ತಿದ್ದದ್ದು ಕೆಲಸದ ಮಾತು ಮಾತ್ರ. ಅದನ್ನೇ ಕೇಳಿದೆ.

"ಯಾರಾಗಿ ಕೂರ್ಬೇಕು ಅನ್ನೋದು ಗೊತ್ತಾಯ್ತು. ಏನು ಮಾಡಿ ಬಂದು ಕೂತಿದಾಳೆ ಅವಳು? ಅದನ್ನ ಹೇಳು."

ಅಮ್ಮ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಯೋಚಿಸಿದಳು.

"ಏನು ಮಾಡಿರ್ತಾಳೆ. ಒಲೆ ಮುಂದೆ ಇದ್ಲು. ಮಗಳು ಕರೆದ್ಲು. ಒಲೆ ಆರಿಸಿ, ಕೈ ಒರೆಸ್ಕೊಂಡು ಬಂದು ಕೂತಿದಾಳೆ."

"ಆಮೇಲೆ?"

"ಆಮೇಲೇನಿಲ್ಲ. ಸುಸ್ತಾಗಿದೆ, ಇವತ್ತು ಬೇಡ ಅಂತ ಹೇಳ್ಬೇಕು ಅಂದ್ಕೊಂಡು ಬಂದಿರ್ತಾಳೆ. ಮಗಳ ಮುಖ ನೋಡಿ ಹೇಳಲ್ಲ. ಯಾರಾಗಿ ಕೂರಲಿ ಅಂತಾಳೆ."

ನಾನು ಅಡುಗೆಮನೆಗೆ ಹೋದೆ. ನಲ್ಲಿಯ ಕೆಳಗೆ ಕೈ ಒಡ್ಡಿ, ಬಟ್ಟೆಗೆ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತೆ. ಒಂದು ಉಸಿರು ಎಳೆದುಕೊಂಡು ಬಿಟ್ಟೆ. ಭುಜ ತಾನಾಗಿಯೇ ಇಳಿಯಿತು. ಹೇಳಬೇಕೆಂದುಕೊಂಡದ್ದು ತುಟಿಯವರೆಗೆ ಬಂದು ಅಲ್ಲೇ ನಿಂತಿತು.

"ಹಾಂ, ಅಷ್ಟೇ" ಎಂದಳು ಅಮ್ಮ ಕ್ಯಾಮೆರಾದ ಹಿಂದಿನಿಂದ. "ಅಲ್ಲಾಡ್ಬೇಡ. ಬೆಳಕು ಹೋಗುತ್ತೆ."