ನಡುಕ ನನ್ನದಲ್ಲ

ನಾನು ಒಂದು ಲೆನ್ಸು. ಕನ್ನಡಕದ್ದಲ್ಲ, ಕ್ಯಾಮೆರಾದ್ದು. ಅದರಲ್ಲೂ ಮ್ಯಾಕ್ರೋ ಜಾತಿಯವನು. ಇರುವೆಯ ಮೀಸೆ, ಚಿಟ್ಟೆಯ ರೆಕ್ಕೆಯ ಪುಡಿ, ಜೇಡನ ಎಂಟು ಕಣ್ಣು, ಇಂಥ ಸಣ್ಣಪುಟ್ಟದ್ದನ್ನು ದೊಡ್ಡದು ಮಾಡಿ ತೋರಿಸುವುದು ನನ್ನ ಕಸುಬು. ಬೆಟ್ಟಗುಡ್ಡ, ಸೂರ್ಯಾಸ್ತ ಎಂದು ನನ್ನ ಹತ್ತಿರ ಬರಬೇಡಿ, ಅದಕ್ಕೆ ಬೇರೆಯವರಿದ್ದಾರೆ. ನನ್ನ ಮೈಮೇಲೆ ಅರವತ್ತು ಎಂದು ಬರೆದಿದೆ. ಅದು ವಯಸ್ಸಲ್ಲ, ನೋಟದ ಅಳತೆ. ನಮ್ಮ ಬಳಗದಲ್ಲಿ ನೂರರವರಿದ್ದಾರೆ, ಅದಕ್ಕಿಂತ ಉದ್ದದವರೂ ಇದ್ದಾರೆ. ಅಂಕಿ ದೊಡ್ಡದಾದಷ್ಟೂ ದೂರದಲ್ಲೇ ನಿಂತು ಹುಳವನ್ನು ಹಿಡಿಯಬಹುದು. ನಾನು ಗಿಡ್ಡ. ಹುಳದ ಮೂತಿಯವರೆಗೂ ಹೋಗಬೇಕು.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಗಾಜನ್ನು ಉಜ್ಜಿದರು, ಮತ್ತೆ ಉಜ್ಜಿದರು, ಬೆಳಕಿಗೆ ಹಿಡಿದು ನೋಡಿದರು. ನನ್ನ ಸಾಲಿನಲ್ಲಿದ್ದ ಎಷ್ಟೋ ಗಾಜುಗಳನ್ನು ಕೂದಲೆಳೆಯಷ್ಟು ದೋಷಕ್ಕೆ ಬುಟ್ಟಿಗೆ ಎಸೆದರು. ನನ್ನನ್ನು ಎಸೆಯಲಿಲ್ಲ. ಆ ಜಂಬ ನನಗಿತ್ತು. ಇರಬಾರದೇ? ಪರೀಕ್ಷೆಯಲ್ಲಿ ಪಾಸಾದವರಿಗೆಲ್ಲ ಇರುತ್ತದೆ.

ಮೊದಲು ನನ್ನನ್ನು ಕೊಂಡವನು ಹರಿಹರದ ಮದುವೆ ಫೋಟೋಗ್ರಾಫರ್ ಕೊಟ್ರೇಶಿ. ಹುಳಹುಪ್ಪಟೆಯ ಗೊಡವೆ ಅವನಿಗಿರಲಿಲ್ಲ. ತಾಳಿ, ಕಾಲುಂಗುರ, ಮದರಂಗಿ ಹಚ್ಚಿದ ಕೈ, ಇಷ್ಟೇ ನಮ್ಮ ಲೋಕ. ಧಾರೆಯ ಗದ್ದಲದಲ್ಲಿ ತಲೆಯ ಮೇಲೆ ಅಕ್ಷತೆ ಬೀಳುತ್ತಿದ್ದರೂ ಅವನ ಕೈ ಅಲ್ಲಾಡುತ್ತಿರಲಿಲ್ಲ. ಆ ಕೈಯಲ್ಲಿ ನಾನು ತೆಗೆದ ಚಿತ್ರಗಳಲ್ಲಿ ಕರಿಮಣಿಯ ತೂತನ್ನೂ ನೋಡಬಹುದಿತ್ತು. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ. ಆಮೇಲೆ ಅವನಿಗೆ ಡ್ರೋನಿನ ಹುಚ್ಚು ಹಿಡಿಯಿತು. ಎಲ್ಲವನ್ನೂ ಆಕಾಶದಿಂದ ನೋಡುವವನಿಗೆ ನಾನೇಕೆ ಬೇಕು? ದಾವಣಗೆರೆಯ ಜಬೀವುಲ್ಲಾನ ಅಂಗಡಿಗೆ ನನ್ನನ್ನು ಕೊಟ್ಟು ಹೋದ. ಹಳೆಯ ಕ್ಯಾಮೆರಾ ಸಾಮಾನು ಕೊಳ್ಳುವ, ಮಾರುವ ಅಂಗಡಿ ಅದು.

ಅಲ್ಲಿಗೆ ಒಂದು ದಿನ ಚಿತ್ರದುರ್ಗದ ಹಲ್ಲಿನ ಡಾಕ್ಟರು ಬಂದರು. ಹೆಸರು ತಿಪ್ಪೇರುದ್ರಪ್ಪ. ಜೊತೆಗೆ ಹೆಂಡತಿ ಸರ್ವಮಂಗಳ. ಜಬೀವುಲ್ಲಾ ಗಾಜಿನ ಮೇಜಿನ ಮೇಲೆ ನನ್ನನ್ನೂ ಒಬ್ಬ ನೂರರವನನ್ನೂ ಪಕ್ಕಪಕ್ಕ ನಿಲ್ಲಿಸಿದ. ಹೆಣ್ಣು ನೋಡುವ ಶಾಸ್ತ್ರದ ಹಾಗಿತ್ತು.

"ಹುಳ ಹೊಡೆಯೋಕಾದ್ರೆ ನೂರು ತಗಳ್ರಿ ಸರ್," ಎಂದ ಜಬೀವುಲ್ಲಾ. "ಅರವತ್ತು ತಗಂಡು ಹತ್ರ ಹೋಗೋ ಹೊತ್ತಿಗೆ ಹುಳ ಹಾರೋಗಿರ್ತೈತೆ."

"ನಂಗೆ ಎರಡಕ್ಕೂ ಒಂದೇ ಆಗ್ಬೇಕು ಕಣಪ್ಪ. ವಾರವೆಲ್ಲ ಹಲ್ಲು, ಭಾನುವಾರ ಹುಳ. ನೂರು ಹಾಕಿದ್ರೆ ನನ್ನ ಕ್ಲಿನಿಕ್ಕಲ್ಲಿ ಗೋಡೆ ತೂತು ಮಾಡ್ಕೊಂಡು ಹಿಂದಕ್ಕೆ ಹೋಗ್ಬೇಕು. ಈ ಡಬ್ಬದ ಮೇಲೆ ಬರೆದವ್ರಲ್ಲ, ಗೇಣು ದೂರದಿಂದ ಫೋಟೋ ಬರುತ್ತೆ ಅಂತ. ಹುಳಕ್ಕೆ ಒಂದು ಗೇಣು ಸಾಕು."

"ಆ ಗೇಣು ಲೆನ್ಸಿನ ಮೂತಿಯಿಂದ ಅಲ್ಲ ಸರ್, ಕ್ಯಾಮೆರಾ ಬೆನ್ನಿಂದ ಅಳೆಯೋದು. ಎಲ್ಲರೂ ಇದರಲ್ಲೇ ಮೋಸ ಹೋಗ್ತಾರೆ. ಮೂತಿಯಿಂದ ನೋಡಿದ್ರೆ ಮೂರು ಬೆರಳೂ ಉಳಿಯಲ್ಲ."

"ಹಲ್ಲು ಕೀಳೋನಿಗೆ ಮೂರು ಬೆರಳು ಧಾರಾಳ ಆಯ್ತು ಬಿಡಪ್ಪ," ಎಂದು ಡಾಕ್ಟರು ನಕ್ಕು ನನ್ನನ್ನು ಎತ್ತಿಕೊಂಡರು. ಆ ನಗು ನನಗೆ ಹಿಡಿಸಿತು. ಆ ಎಡಗೈ ಬೆಚ್ಚಗಿತ್ತು, ಗಟ್ಟಿಯಾಗಿತ್ತು.

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ವಾರದ ದಿನಗಳಲ್ಲಿ ಊರಿನವರ ಹುಳುಕು ಹಲ್ಲುಗಳನ್ನು ನೋಡಿದೆ. ಸರ್ವಮಂಗಳಮ್ಮ ಹೊರಗಿನ ಮೇಜಿನಲ್ಲಿ ಕೂತು ಟೋಕನ್ ಕೊಡುತ್ತಿದ್ದರು, ಅಳುವವರಿಗೆ ಧೈರ್ಯವನ್ನೂ ಅವರೇ ಹೇಳುತ್ತಿದ್ದರು. ಭಾನುವಾರ ಬೆಳಗ್ಗೆ ಡಾಕ್ಟರು ಮತ್ತು ನಾನು ಕೋಟೆಯ ಹಿಂದಿನ ಕುರುಚಲು ಗುಡ್ಡಕ್ಕೆ ಹೋಗುತ್ತಿದ್ದೆವು. ಜಬೀವುಲ್ಲಾ ಹೇಳಿದ್ದು ನಿಜವೇ. ಮಿಡತೆಗಳು ನನ್ನ ಮೂತಿ ಕಂಡೊಡನೆ ಜಿಗಿದು ಹೋಗುತ್ತಿದ್ದವು. ಎಷ್ಟೋ ಸಲ ನನ್ನ ನೆರಳೇ ಹುಳದ ಮೇಲೆ ಬಿದ್ದು ಚಿತ್ರ ಕಪ್ಪಾಗುತ್ತಿತ್ತು. "ಗಿಡ್ಡ ನನ್ಮಗನೇ" ಎಂದು ಡಾಕ್ಟರು ಪ್ರೀತಿಯಿಂದ ಬೈಯುತ್ತಿದ್ದರು. ಆದರೂ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ತೆವಳಿ, ಉಸಿರು ಬಿಗಿಹಿಡಿದು, ಮುಂಗಾಲು ಜೋಡಿಸಿ ಕೈಮುಗಿದಂತೆ ಕೂತ ಸೂರ್ಯನ ಕುದುರೆಯ ಕಣ್ಣನ್ನು ನಾವಿಬ್ಬರೂ ಸೇರಿ ತೆಗೆದೆವು. ಆ ಕಣ್ಣಿನೊಳಗೆ ಡಾಕ್ಟರ ಟೋಪಿ ಪುಟ್ಟದಾಗಿ ಕಾಣುತ್ತಿತ್ತು. ಅವರು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕ್ಲಿನಿಕ್ಕಿನ ಗೋಡೆಗೆ ತೂಗುಹಾಕಿದರು.

ಅವರಿಗೆ ಒಂದು ಹಟವಿತ್ತು. ಫ್ಲ್ಯಾಶ್ ಕ್ಲಿನಿಕ್ಕಿಗೆ ಮಾತ್ರ, ಗುಡ್ಡದಲ್ಲಿ ಬಿಸಿಲೇ ಸಾಕು. ಇನ್ನೊಂದು ಹಟ, ಹುಳ ಜೀವಂತವಾಗಿರಬೇಕು. ಕೆಲವರು ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಹಿಡಿಸಿ ಫೋಟೋ ತೆಗೆಯುತ್ತಾರೆ, ಸತ್ತದ್ದನ್ನು ಕಡ್ಡಿಗೆ ಅಂಟಿಸುವವರೂ ಇದ್ದಾರೆ. "ಅದು ಹೆಣದ ಫೋಟೋ ಕಣೆ ಮಂಗಳಾ, ಪುಣ್ಯತಿಥಿಗೆ ಹಾಕಿಸೋಕೆ ಲಾಯಕ್ಕು," ಎನ್ನುತ್ತಿದ್ದರು.

ಆಮೇಲೆ ಅದು ಬಂತು.

ಫೋಟೋ ತೆಗೆಯುವಾಗ ಬಲಗೈ ಗುಂಡಿ ಒತ್ತುತ್ತದೆ, ಎಡಗೈ ನನ್ನನ್ನು ಕೆಳಗಿನಿಂದ ಹೊತ್ತಿರುತ್ತದೆ. ಹಾಗಾಗಿ ಲೋಕದಲ್ಲಿ ಎಲ್ಲರಿಗಿಂತ ಮೊದಲು ಅದು ಗೊತ್ತಾದದ್ದು ನನಗೆ. ಒಂದು ಭಾನುವಾರ ಎಕ್ಕದ ಎಲೆಯ ಮುಂದೆ ನಾವಿದ್ದಾಗ ಎಡಗೈ ಹೆಬ್ಬೆರಳು ಸಣ್ಣಗೆ ಮಿಡಿಯತೊಡಗಿತು. ದಣಿವಿನ ನಡುಕ ನನಗೆ ಗೊತ್ತು, ಚಳಿಯದ್ದೂ ಗೊತ್ತು. ಇದು ಅದಲ್ಲ. ಇದಕ್ಕೆ ಒಂದು ತಾಳವಿತ್ತು. ನಿಲ್ಲುತ್ತಿತ್ತು, ಮತ್ತೆ ಅದೇ ತಾಳದಲ್ಲಿ ಶುರುವಾಗುತ್ತಿತ್ತು. ನನಗೆ ಭಯವಾಯಿತು. ವಾರವೆಲ್ಲ ಆ ಕೈ ಎಲ್ಲಿರುತ್ತದೆ ಎಂದು ನನಗೆ ಗೊತ್ತಿತ್ತಲ್ಲ. ಜನರ ಬಾಯೊಳಗೆ. ಬಲಗೈಯಲ್ಲಿ ಡ್ರಿಲ್ಲು ತಿರುಗುತ್ತಿರುವಾಗ ನಾಲಿಗೆಯನ್ನೂ ಕೆನ್ನೆಯನ್ನೂ ಅದಕ್ಕೆ ಸಿಗದಂತೆ ಪುಟ್ಟ ಕನ್ನಡಿಯಿಂದ ಪಕ್ಕಕ್ಕೆ ಒತ್ತಿ ಹಿಡಿಯುವುದು ಇದೇ ಎಡಗೈ.

ಹೇಳೋಣವೆಂದರೆ ನನಗೆ ಬಾಯಿಲ್ಲ. ಇದ್ದ ಒಂದೇ ಭಾಷೆ ಚಿತ್ರ. ಮಸುಕಾದ ಚಿತ್ರಗಳನ್ನು ಒಂದರ ಮೇಲೊಂದು ಅವರ ಮುಂದೆ ಇಟ್ಟೆ. ನೋಡಿ ಸ್ವಾಮಿ, ಇದು ನಿಮ್ಮ ಕೈ ಎಂದು ಕೂಗಿದೆ. ಅವರು ನೋಡಿದ್ದು ಹುಳವನ್ನು. "ಥೂ, ಗಾಳಿ," ಎಂದರು. ಮುಂದಿನ ವಾರ ಎಲೆಯನ್ನು ಬೈದರು. ಅದರ ಮುಂದಿನ ವಾರ ನನ್ನನ್ನು.

ನಮ್ಮ ಕಸುಬಿನ ಶಾಪವೇ ಇದು. ಮ್ಯಾಕ್ರೋದಲ್ಲಿ ಎಲ್ಲರ ಕೈಯೂ ನಡುಗುತ್ತದೆ. ಉಸಿರಾಡಿದರೂ ಚಿತ್ರ ಕದಲುತ್ತದೆ, ಎದೆ ಬಡಿದುಕೊಂಡರೂ ಕದಲುತ್ತದೆ. ಹುಳದ ಫೋಟೋದವರ ವಾಟ್ಸಾಪ್ ಗುಂಪಿನಲ್ಲಿ ಡಾಕ್ಟರು ಕೇಳಿದರೆ ಎಲ್ಲರೂ ಒಂದೇ ಮಾತು ಹೇಳಿದರು, ನಮಗೂ ಹಾಗೇ ಆಗುತ್ತೆ ಸರ್, ಲೆನ್ಸ್ ಬದಲಾಯಿಸಿ. ಎಲ್ಲರೂ ನಡುಗುವ ಕಡೆ ಒಬ್ಬನ ನಡುಕ ಬೇರೆ ಎಂದು ಯಾರಿಗೆ ತಿಳಿಯಬೇಕು? ಕ್ಲಿನಿಕ್ಕಿನಲ್ಲಿಯಾದರೂ ಗುಟ್ಟು ಬಯಲಾಗಬಹುದಿತ್ತು. ಅಲ್ಲಿ ಫ್ಲ್ಯಾಶ್ ಇತ್ತು. ಆ ಮಿಂಚು ನಡುಗುವುದನ್ನೂ ಹಿಡಿದು ನಿಲ್ಲಿಸಿಬಿಡುತ್ತದೆ. ಹಲ್ಲಿನ ಚಿತ್ರಗಳೆಲ್ಲ ಚೊಕ್ಕವಾಗಿಯೇ ಬಂದವು.

ಸರ್ವಮಂಗಳಮ್ಮ ಮಾತ್ರ ಡಾಕ್ಟರಿಗೆ ಕಾಫಿಯನ್ನು ಅರ್ಧ ಲೋಟವಷ್ಟೇ ಕೊಡತೊಡಗಿದ್ದರು. ಯಾಕೆಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಡಾಕ್ಟರು ಬಿಡುವಾದಾಗಲೆಲ್ಲ ಫೋನಿನಲ್ಲಿ ಲೆನ್ಸುಗಳ ವಿಡಿಯೋ ನೋಡುತ್ತ ಕೂತರು. ಯಾವುದು ಒಳ್ಳೆಯದು, ಯಾವುದು ಹಗುರ, ಯಾವುದು ದೂರದಿಂದ ಹಿಡಿಯುತ್ತದೆ. ಆ ಹುಡುಕಾಟದಲ್ಲಿ ಮೊದಲಿನ ಖುಷಿ ಇರಲಿಲ್ಲ. ಒಂದೇ ಕಾಯಿಲೆಗೆ ಊರೂರಿನ ವೈದ್ಯರ ಬಾಗಿಲು ತಟ್ಟುವವರ ಮುಖ ಅವರದಾಗಿತ್ತು. ಕೊನೆಗೆ ನೂರರವನೇ ಬಂದ. ಹಳಬನಲ್ಲ, ಹೊಚ್ಚ ಹೊಸಬ, ಹೊಟ್ಟೆಯೊಳಗೆ ನಡುಕ ತಡೆಯುವ ಯಂತ್ರ ಇಟ್ಟುಕೊಂಡವನು. ನನ್ನನ್ನು ಕ್ಲಿನಿಕ್ಕಿನ ಗಾಜಿನ ಬೀರುವಿನಲ್ಲಿ, ಪ್ಲಾಸ್ಟರಿನ ದವಡೆಗಳ ಸಾಲಿನಲ್ಲಿ ಕೂರಿಸಿದರು. ನನ್ನ ಮೂತಿಯ ಮುಚ್ಚಳ ಗುಡ್ಡದಲ್ಲೆಲ್ಲೋ ಬಿದ್ದುಹೋಗಿತ್ತು. ಹಾಗಾಗಿ ಎಲ್ಲವನ್ನೂ ನೋಡುವುದು ನನ್ನ ಹಣೆಯಲ್ಲಿ ಬರೆದಿತ್ತು.

ಹೊಸಬನ ಚಿತ್ರಗಳು ಚೆನ್ನಾಗಿ ಬಂದವು. "ನಾನು ಹೇಳ್ಲಿಲ್ವಾ ಮಂಗಳಾ? ನನ್ನ ಕೈ ನೆಟ್ಟಗೇ ಐತೆ. ಆ ದರಿದ್ರ ಲೆನ್ಸೇ ಕೆಟ್ಟಿತ್ತು," ಎಂದು ಡಾಕ್ಟರು ಕುಣಿದಾಡಿದರು. ನನಗೆ ಅವಮಾನವಾಯಿತು. ಹೊಟ್ಟೆಯುರಿಯೂ ಆಯಿತು, ಮುಚ್ಚಿಡುವುದೇಕೆ?

ಆದರೆ ಸಂಜೆ ಬೀರುವಿನೊಳಗೆ ನನ್ನ ಪಕ್ಕ ಬಂದು ಕೂತ ಹೊಸಬ ಹಿಗ್ಗಿನಲ್ಲಿರಲಿಲ್ಲ.

"ಅಣ್ಣಾ, ಇದು ಸಾಮಾನ್ಯ ನಡುಕ ಅಲ್ಲ," ಎಂದ. "ದಿನವೆಲ್ಲ ಅದರ ಜೊತೆ ಗುದ್ದಾಡಿ ಸಾಕಾಗಿದೆ."

"ಹಾಗಿದ್ದರೆ ತಡೆಯಬೇಡ. ಒಂದೇ ಒಂದು ದಿನ ಸುಮ್ಮನಿರು. ಅವರಿಗೆ ಗೊತ್ತಾಗಲಿ," ಎಂದು ಬೇಡಿಕೊಂಡೆ.

"ನನ್ನನ್ನು ಮಾಡಿರುವುದೇ ಹಾಗೆ ಅಣ್ಣಾ. ನಿಲ್ಲಿಸೋಕೆ ನನ್ನ ಕೈಲಾಗಲ್ಲ."

ಅವನು ಒಳ್ಳೆಯವನೇ. ಅವನ ಒಳ್ಳೆಯತನವೇ ಡಾಕ್ಟರನ್ನು ಮತ್ತಷ್ಟು ಕಾಲ ಕುರುಡಾಗಿಸಿತು.

ಒಂದು ಶನಿವಾರ ಸಂಜೆ ಕೊನೆಯ ಪೇಶಂಟು ಹೋದ ಮೇಲೆ ಸರ್ವಮಂಗಳಮ್ಮನೇ ಕುರ್ಚಿಯಲ್ಲಿ ಒರಗಿದರು. ದವಡೆ ಹಲ್ಲಿನ ಸಿಮೆಂಟು ಬಿದ್ದುಹೋಗಿತ್ತು. ಡಾಕ್ಟರು ಹಾಡು ಗುನುಗುತ್ತ ಡ್ರಿಲ್ಲು ಹಿಡಿದರು. ಬೀರುವಿನಿಂದ ನನಗೆ ಅವರ ಎಡಗೈ ನೇರವಾಗಿ ಕಾಣುತ್ತಿತ್ತು. ಹೆಬ್ಬೆರಳು ತನ್ನ ತಾಳ ಶುರು ಮಾಡಿತು. ಕನ್ನಡಿ ಜಾರಿತು. ನಾಲಿಗೆ ಡ್ರಿಲ್ಲಿನ ಕೆಳಗೆ ಬಂತು.

ರಕ್ತ ಬಹಳ ಹೋಯಿತು. ಡಾಕ್ಟರು ಡ್ರಿಲ್ಲು ಬದಿಗಿಟ್ಟರು. ಹತ್ತಿ ಒತ್ತುತ್ತ, "ಏನಾಯ್ತೇ? ಹೆಂಗಾಯ್ತೇ?" ಎಂದು ತೊದಲಿದರು. ಸರ್ವಮಂಗಳಮ್ಮ ಗಂಡನ ಮುಖವನ್ನೇ ನೋಡಿದರು. ಆಮೇಲೆ ಹತ್ತಿಯ ಸಂದಿಯಿಂದ ಹೇಳಿದರು, "ಏನಿಲ್ಲ ಬಿಡ್ರಿ. ನಾನೇ ಅಲ್ಲಾಡಿಬಿಟ್ಟೆ."

ಸುಳ್ಳು. ಅವರು ಕಲ್ಲಿನಂತೆ ಕೂತಿದ್ದರು. ಗಾಳಿಯ ತಪ್ಪು ಮುಗಿಯಿತು, ನನ್ನ ತಪ್ಪು ಮುಗಿಯಿತು, ಈಗ ಈ ತಾಯಿ ತನ್ನ ಮೇಲೆ ಹಾಕಿಕೊಂಡರು. ಸೋಮವಾರ ಬೆಳಗ್ಗೆ ಒಬ್ಬ ಮುದುಕಿಯ ದವಡೆ ಹಲ್ಲು ಕೀಳುವುದಿತ್ತು. ನಾನು ಬೀರುವಿನೊಳಗೆ ಒದ್ದಾಡಿದೆ. ಒದ್ದಾಡಲು ನನಗೆ ಕೈಕಾಲಾದರೂ ಎಲ್ಲಿವೆ?

ಸೋಮವಾರ ಡಾಕ್ಟರು ಬೇಗ ಬಂದು ಬಾಗಿಲು ಹಾಕಿಕೊಂಡರು. ಬೀರು ತೆರೆದು ಹೊಸಬನನ್ನು ಸರಿಸಿ ನನ್ನನ್ನು ಕೈಗೆತ್ತಿಕೊಂಡರು. ಕಿಟಕಿಯ ಬಳಿ ಬಿಸಿಲಿನಲ್ಲಿ ಒಂದು ಸತ್ತ ಜೇನುಹುಳು ಬಿದ್ದಿತ್ತು. ಜೀವಂತ ಹುಳವೇ ಬೇಕು ಎನ್ನುತ್ತಿದ್ದವರು ಅದನ್ನು ಬಿಳಿ ಹಾಳೆಯ ಮೇಲೆ ಇಟ್ಟರು. ಕಿಟಕಿ ಮುಚ್ಚಿದರು. ಫ್ಯಾನ್ ಆರಿಸಿದರು. ಗಾಳಿಯಿಲ್ಲ, ಎಲೆಯಿಲ್ಲ, ಅಲ್ಲಾಡುವ ಹುಳವೂ ಇಲ್ಲ. ಒತ್ತಿದರು. ನೋಡಿದರು. ಮತ್ತೆ ಒತ್ತಿದರು. ಒಂದರಲ್ಲಿ ಜೇನಿಗೆ ನಾಲ್ಕು ರೆಕ್ಕೆಯ ಬದಲು ಎಂಟು ಕಂಡವು, ಇನ್ನೊಂದರಲ್ಲಿ ಬರೀ ಕಂದು ಮಸಿ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು, ಮತ್ತೆ ಮತ್ತೆ ಒತ್ತಿದರು. ಹಣೆಯ ಬೆವರು ನನ್ನ ಮೇಲೆ ಬಿತ್ತು.

ಹೊರಗೆ ಬಾಗಿಲು ತಟ್ಟಿದ ಸದ್ದು. ಮುದುಕಿ ಬಂದಿದ್ದಳು. "ನಾಳೆ ಬಾರವ್ವ," ಎಂದರು ಡಾಕ್ಟರು. ಅವಳು ದವಡೆ ಹಿಡಿದುಕೊಂಡೇ ಗೊಣಗುತ್ತ ಹೋದಳು. ಕಿಟಕಿಯ ಗಾಜಿನಾಚೆ ಅವಳು ಹೋಗುವುದನ್ನು ನೋಡಿ ನನಗೆ ಹೋದ ಜೀವ ಬಂದಂತಾಯಿತು.

ಆದರೂ ಅವರು ಒಂದು ಆಸೆಯನ್ನು ಬಿಟ್ಟಿರಲಿಲ್ಲ. "ಕೂತೂ ಕೂತೂ ಇದರ ಸ್ಕ್ರೂ ಸಡಿಲ ಆಗಿರ್ಬೇಕು," ಎಂದುಕೊಂಡರು. ಜೇನನ್ನು ಬೆಂಕಿಪೊಟ್ಟಣದಲ್ಲಿಟ್ಟು ಹೆಂಡತಿಯನ್ನು ಕರೆದುಕೊಂಡು ದಾವಣಗೆರೆಯ ಬಸ್ಸು ಹತ್ತಿದರು. ಕಾರನ್ನು ಮನೆಯಲ್ಲೇ ಬಿಟ್ಟರು.

ಜಬೀವುಲ್ಲಾ ನನ್ನನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಕಿವಿಯ ಹತ್ತಿರ ಅಲ್ಲಾಡಿಸಿದ. "ಚೆನ್ನಾಗಿ ನೋಡಪ್ಪ. ಏನೋ ಕೆಟ್ಟೈತೆ ಇದ್ರಲ್ಲಿ," ಎಂದರು ಡಾಕ್ಟರು. ಆ ದನಿಯನ್ನು ನಾನು ಬಲ್ಲೆ. ಕುರ್ಚಿಯಲ್ಲಿ ಕೂತವರು, ಹಲ್ಲು ಉಳಿಯುತ್ತಾ ಡಾಕ್ಟ್ರೇ ಎಂದು ಕೇಳುವಾಗಿನ ದನಿ ಅದು.

"ತಡೀರಿ ಸರ್, ಒಂದು ಹೊಡೆದೇ ನೋಡಾಣ," ಎಂದ ಜಬೀವುಲ್ಲಾ ಜೇನನ್ನು ಬಾಗಿಲ ಬೆಳಕಿಗೆ ತಂದಿಟ್ಟು, ನನ್ನ ಕೆಳಗೆ ತನ್ನ ಎಡಗೈ ಕೊಟ್ಟು ಬಾಗಿದ. ಆ ಕೈ ಗಟ್ಟಿಯಾಗಿತ್ತು. ಹುಟ್ಟಿದಾಗಿನಿಂದ ನನ್ನ ಗಾಜಿನ ಬಗ್ಗೆ ಜಂಬಪಟ್ಟ ನಾನು ಆ ಕ್ಷಣ ಇಲ್ಲದ ದೇವರಿಗೆಲ್ಲ ಹರಕೆ ಹೊತ್ತೆ. ನನ್ನೊಳಗೆ ಒಂದು ಗೀರು ಇರಲಿ. ಬೂಷ್ಟು ಹಿಡಿದಿರಲಿ. ಗಾಜು ಸೀಳಿರಲಿ. ನನ್ನನ್ನು ಬುಟ್ಟಿಗೆ ಎಸೆಯಲಿ. ಚಿತ್ರ ಒಂದು ಮಸುಕಾಗಿ ಬರಲಿ.

ಗುಂಡಿ ಒತ್ತಿದ ಸದ್ದಾಯಿತು.

"ನೋಡ್ರಿ ಸರ್! ಹುಳದ ಮೈಮೇಲಿನ ಒಂದೊಂದು ಕೂದಲೂ ಬಂದೈತೆ. ಲೆನ್ಸು ಫಸ್ಟ್ ಕ್ಲಾಸ್ ಐತೆ!" ಜಬೀವುಲ್ಲಾನಿಗೆ ಖುಷಿಯೋ ಖುಷಿ. ನಿಜ, ಕಾಲಿಗೆ ಅಂಟಿದ ಪರಾಗದ ಕಾಳುಗಳೂ ಬಿಡಿಬಿಡಿಯಾಗಿ ಬಂದಿದ್ದವು. ನಾನು ನನ್ನ ಜೀವನದಲ್ಲಿ ತೆಗೆದ ಅತ್ಯಂತ ಒಳ್ಳೆಯ ಚಿತ್ರ ಅದೇ.

ಡಾಕ್ಟರು ಅದನ್ನು ಬಹಳ ಹೊತ್ತು ನೋಡಿದರು. ಗಾಜಿನ ಮೇಜಿನ ಮೇಲಿದ್ದ ಅವರ ಎಡಗೈ ಸಣ್ಣಗೆ ಟಕಟಕ ಎನ್ನುತ್ತಿತ್ತು. ಅದನ್ನು ಬಲಗೈಯಿಂದ ಒತ್ತಿ ಹಿಡಿದರು. ಬಲಗೈಯೂ ಅದರ ಜೊತೆ ಅಲುಗಿತು.

"ಅರವತ್ತರದ್ದು ಸರಿಯಾಗೇ ಐತೆ ಕಣೆ ಮಂಗಳಾ," ಎಂದರು.

ಈ ಒಂದು ಮಾತಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಯಾಕಾದರೂ ಕಾದೆನೋ.

ಸರ್ವಮಂಗಳಮ್ಮನ ನಾಲಿಗೆ ಇನ್ನೂ ಊದಿಕೊಂಡಿತ್ತು. ಅವರು ಗಂಡನ ಎರಡೂ ಕೈಗಳ ಮೇಲೆ ತಮ್ಮ ಕೈ ಇಟ್ಟು ಕಷ್ಟಪಟ್ಟು ಹೇಳಿದರು, "ಅವತ್ತು ನಾನು ಅಲ್ಲಾಡಿರ್ಲಿಲ್ಲ ರೀ."

"ಗೊತ್ತು ಕಣೆ," ಎಂದರು ಡಾಕ್ಟರು.

ಮುದುಕಿಯ ಹಲ್ಲನ್ನು ಬೇರೆ ಡಾಕ್ಟರು ಕಿತ್ತರು. ಕ್ಲಿನಿಕ್ಕಿನ ಬೋರ್ಡು ಇಳಿಯಿತು. ನರದ ಡಾಕ್ಟರು ಆ ನಡುಕಕ್ಕೆ ಒಂದು ಹೆಸರು ಹೇಳಿ, ಮೊದಲೇ ಬಂದಿದ್ದರೆ ಇನ್ನಷ್ಟು ಕಾಲ ಹತೋಟಿಯಲ್ಲಿ ಇಡಬಹುದಿತ್ತು ಎಂದರಂತೆ. ಹೊಸಬನನ್ನು ಜಬೀವುಲ್ಲಾ ಒಯ್ದ. ನನ್ನನ್ನು ಕೊಡಲು ಡಾಕ್ಟರು ಒಪ್ಪಲಿಲ್ಲ. ಬೀರು ಈಗ ಮನೆಯ ನಡುಮನೆಗೆ ಬಂದಿದೆ. ನಾನು ಅದೇ ಪ್ಲಾಸ್ಟರಿನ ದವಡೆಗಳ ನಡುವೆ ಕೂತಿದ್ದೇನೆ. ಎದುರಿಗೆ ಡಾಕ್ಟರು ಕುರ್ಚಿಯಲ್ಲಿರುತ್ತಾರೆ, ಸರ್ವಮಂಗಳಮ್ಮ ಲೋಟವನ್ನು ಅವರ ತುಟಿಗೆ ಹಿಡಿಯುತ್ತಾರೆ. ಗೋಡೆಯ ಮೇಲೆ ಸೂರ್ಯನ ಕುದುರೆಯ ಕಣ್ಣಿದೆ, ಅದರೊಳಗೆ ಆ ಪುಟ್ಟ ಟೋಪಿಯೂ ಇದೆ.

ಕ್ಯಾಮೆರಾ ಇಲ್ಲದೆ, ಬಿಸಿಲು ಕಾಣದೆ, ನನ್ನ ಗಾಜಿನ ಅಂಚಿಗೆ ಈ ಮಳೆಗಾಲದಲ್ಲಿ ಬೂಷ್ಟು ಹಿಡಿಯತೊಡಗಿದೆ. ಬಿಳಿ ನೂಲಿನಂತೆ ಒಳಕ್ಕೆ ಹಬ್ಬುತ್ತಿದೆ. ಇನ್ನು ಮೇಲೆ ನಾನು ತೆಗೆಯುವ ಯಾವ ಚಿತ್ರವೂ ಚೊಕ್ಕವಾಗಿ ಬರಲಾರದು. ಅಂದು ಅಂಗಡಿಯ ಬಾಗಿಲಲ್ಲಿ ನಾನು ಬೇಡಿಕೊಂಡ ದೋಷ ಇಂದು ಬಂದಿದೆ. ಇದನ್ನು ನಾನೀಗ ಯಾರಿಗೆ ತೋರಿಸಲಿ?